ಮನೆಯ ಗೇಮು, ಅಂಗಡಿಯ ಪೆಟ್ಟಿಗೆ: ಕನ್ಸೋಲ್ ಆಟಗಳನ್ನು ಆಡಿಸುವ ಆರ್ಕೇಡ್ ಯಂತ್ರಗಳಲ್ಲಿ ಆಯ್ಕೆ ಹೇಗೆ?

ಬಳ್ಳಾರಿಯ ಮೋತಿ ಸರ್ಕಲ್ಲಿನ ಸಮೀಪ ಬೇಕರಿ ನಡೆಸುವ ನನ್ನ ಅಕ್ಕನ ಮಗ, ಅಂಗಡಿಯ ಒಳಮೂಲೆಯಲ್ಲಿ ಖಾಲಿ ಉಳಿದಿದ್ದ ಜಾಗವನ್ನು ತೋರಿಸಿ ಒಂದು ಸಂಜೆ ಕೇಳಿದ: “ಮಾವಾ, ನಾವು ಮನ್ಯಾಗ ಟಿವಿಗೆ ಹಚ್ಚಿ ಆಡ್ತಿದ್ದ ಮಾರಿಯೋ, ಕಾಂಟ್ರಾನ ಕಾಯಿನ್ ಹಾಕಿ ಆಡೋ ಮಷೀನು ಸಿಗ್ತಾವಂತಲ್ಲ, ಯಾವ್ದು ತಗೊಂಡ್ರ ಚೊಲೋ?” ಅಂಥ ಯಂತ್ರಗಳು ಇರುವುದು ನಿಜ. ಒಂದಲ್ಲ, ಆರೇಳು ಬಗೆಯವು ಇವೆ, ಮತ್ತು ಹೊರಗಿನಿಂದ ಎಲ್ಲವೂ ಒಂದೇ ರೀತಿ ಕಾಣುವ ಮರದ ಪೆಟ್ಟಿಗೆಗಳೇ ಆದರೂ ಒಳಗಿನ ಲೆಕ್ಕಾಚಾರ ಒಂದೊಂದರಲ್ಲಿ ಒಂದೊಂದು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ, ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇಂಥ ಯೋಚನೆಯಲ್ಲಿರುವ ಬೇರೆಯವರಿಗೂ ಉಪಯೋಗವಾಗುವಂತೆ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವ ಆಟ ಬೇಕು ಎಂಬುದಲ್ಲ. ಹಾಕಿದ ನಾಣ್ಯಕ್ಕೆ ಆಡುವವನಿಗೆ ಏನು ಸಿಗಬೇಕು ಎಂಬುದು. ಮನೆಯಲ್ಲಿ ಟಿವಿಗೆ ಹಚ್ಚುವ ಗೇಮ್ ಪೆಟ್ಟಿಗೆಗಾಗಿ, ಅಂದರೆ ಕನ್ಸೋಲಿಗಾಗಿ, ಮಾಡಿದ ಆಟವನ್ನು ಕ್ಯಾಸೆಟ್ ಕೊಂಡವನು ದಿನಗಟ್ಟಲೆ, ವಾರಗಟ್ಟಲೆ ಆಡಲಿ ಎಂದೇ ಹೆಣೆದಿರುತ್ತಾರೆ. ಅಂಗಡಿಯ ಆಟವನ್ನು ಹೆಣೆಯುವುದು ಕೆಲವೇ ನಿಮಿಷಗಳಲ್ಲಿ ಒಬ್ಬನು ಸೋತು ಇನ್ನೊಬ್ಬನಿಗೆ ಜಾಗ ಬಿಡಲಿ ಎಂದು. ಮೊದಲನೆಯದನ್ನು ಹಾಗೆಯೇ ತಂದು ಎರಡನೆಯದರ ಪೆಟ್ಟಿಗೆಯಲ್ಲಿ ಇಟ್ಟರೆ, ಪಳಗಿದ ಹುಡುಗನೊಬ್ಬ ಒಂದೇ ನಾಣ್ಯದಲ್ಲಿ ಇಡೀ ಸಂಜೆ ನಿಂತುಬಿಡಬಹುದು. ಈ ತೊಡಕನ್ನು ತಯಾರಕರು ಮೂರು ರೀತಿಯಲ್ಲಿ ಬಿಡಿಸಿದರು, ಮತ್ತು ಯಂತ್ರಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಅಲ್ಲಿಯೇ.

ನಿಂಟೆಂಡೊ ಕಂಪನಿ 1984ರಲ್ಲಿ ತಂದ ವಿಎಸ್ ಸಿಸ್ಟಂ ಆಟವನ್ನೇ ತಿದ್ದಿತು. ಒಳಗಿನ ಯಂತ್ರಭಾಗ ಹೆಚ್ಚುಕಡಿಮೆ ಅದೇ ಕಂಪನಿಯ ಮನೆಯ ಕನ್ಸೋಲಾದ ಫ್ಯಾಮಿಕಾಮ್‌ನದೇ. ಆದರೆ ಆಟಗಳನ್ನು ಅಂಗಡಿಗೆ ತಕ್ಕಂತೆ ಕಠಿಣಗೊಳಿಸಲಾಗಿತ್ತು. 1986ರ ವಿಎಸ್ ಸೂಪರ್ ಮಾರಿಯೋ ಬ್ರದರ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಮನೆಯ ಆಟವನ್ನು ಕಂಠಪಾಠ ಮಾಡಿಕೊಂಡು ಬಂದವನು ಇದರ ಮುಂದೆ ಎಡವುತ್ತಾನೆ. ಹೆಚ್ಚುವರಿ ಜೀವ ಸಿಗುತ್ತಿದ್ದ ಹಲವು ಜಾಗಗಳು ಇಲ್ಲಿಲ್ಲ, ಕೆಲವು ಹಂತಗಳ ಬದಲಿಗೆ ಹೆಚ್ಚು ಕಷ್ಟದ ಹಂತಗಳಿವೆ, ಮತ್ತು ನಾಲ್ಕನೆಯ ಲೋಕದ ಗುಪ್ತದ್ವಾರದಿಂದ ನೇರವಾಗಿ ಎಂಟನೆಯ ಲೋಕಕ್ಕೆ ಹಾರುವ ದಾರಿಯನ್ನು ಮುಚ್ಚಲಾಗಿದೆ. ಎಷ್ಟು ಚಿನ್ನದ ನಾಣ್ಯ ಕೂಡಿಸಿದರೆ ಒಂದು ಜೀವ ಸಿಗಬೇಕು ಎಂಬುದನ್ನು ಅಂಗಡಿಯವನು ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳಿಂದ 100ರಿಂದ 250ರವರೆಗೆ ಬದಲಿಸಬಹುದು. ಆಟ ಬದಲಿಸಲು ಇಲ್ಲಿ ಕ್ಯಾಸೆಟ್ ಇಲ್ಲ. ಬೋರ್ಡಿನ ಮೇಲಿನ ಚಿಪ್ಪುಗಳನ್ನೇ ಕಿತ್ತು ಹೊಸದನ್ನು ಕೂರಿಸಬೇಕು. ನಕಲು ತಡೆಯಲೆಂದು ಬೇರೆಬೇರೆ ಆಟಕ್ಕೆ ಬೇರೆಬೇರೆ ಬಣ್ಣದ ಕೋಷ್ಟಕವಿರುವ ಚಿತ್ರದ ಚಿಪ್ಪು ಬಳಸಿದ್ದರಿಂದ, ಜೊತೆಯ ಚಿಪ್ಪು ಸಿಗದಿದ್ದರೆ ಆಟ ನಡೆದರೂ ಬಣ್ಣಗಳು ಎಲ್ಲೆಂದರಲ್ಲಿ ಬರುತ್ತವೆ. ಸಂಗ್ರಹಕಾರನಿಗೆ ಇದು ಸಂತೋಷದ ಕೆಲಸ. ಬೇಕರಿ ಮಾಲೀಕನಿಗೆ ಇದನ್ನು ಸೂಚಿಸಲಾರೆ.

ಅದೇ ಕಂಪನಿ 1986ರಲ್ಲಿ ಹೊರತಂದ ಪ್ಲೇಚಾಯ್ಸ್-10 ಯಂತ್ರದಲ್ಲಿ ಯೋಚನೆಯೇ ಬೇರೆ. ಇಲ್ಲಿ ಆಟವನ್ನು ಮುಟ್ಟಲಿಲ್ಲ. ಆಟದ ಬದಲು ಸಮಯವನ್ನು ಮಾರಿದರು. ಒಳಗೆ ಹತ್ತು ಕ್ಯಾಸೆಟ್ಟಿನವರೆಗೆ ಜಾಗ. ನಾಣ್ಯ ಹಾಕಿದರೆ ಇಷ್ಟು ಸೆಕೆಂಡು ಎಂದು ಗಡಿಯಾರ ಓಡಲು ಶುರುವಾಗುತ್ತದೆ, ಆ ಅವಧಿಯಲ್ಲಿ ಎಷ್ಟು ಸಲ ಸತ್ತರೂ ಮತ್ತೆ ಆಡಬಹುದು, ನಡುವೆಯೇ ಬೇರೆ ಆಟಕ್ಕೆ ಹೋಗಬಹುದು, ಇನ್ನೊಂದು ನಾಣ್ಯ ಹಾಕಿದರೆ ಸಮಯ ಕೂಡಿಕೊಳ್ಳುತ್ತದೆ. ಎರಡು ಪರದೆಯ ಮಾದರಿಯಲ್ಲಿ ಕೆಳಗಿನ ಪರದೆ ಆಟಕ್ಕೆ, ಮೇಲಿನದು ಆಟಗಳ ಪಟ್ಟಿಗೆ, ಉಳಿದ ಸಮಯಕ್ಕೆ ಮತ್ತು ಆಡುವ ಸೂಚನೆಗಳಿಗೆ. ಈ ಮೇಲುಸ್ತುವಾರಿಯನ್ನು ನೋಡಿಕೊಳ್ಳಲು ಝಡ್80 ಎಂಬ ಪ್ರತ್ಯೇಕ ಪ್ರೊಸೆಸರ್ ಇದೆ. ಬಾತುಕೋಳಿ ಹೊಡೆಯುವ ಡಕ್ ಹಂಟ್‌ನಂಥ ಆಟಗಳಿಗೆ ಪಿಸ್ತೂಲು ಕೂಡ ಉಂಟು. ಸೂಪರ್ ಮಾರಿಯೋ ಬ್ರದರ್ಸ್ 3 ಅಮೆರಿಕದ ಮನೆಗಳಿಗೆ 1990ರಲ್ಲಿ ಬಂದಿತು. ಅದಕ್ಕೂ ಮುಂಚೆಯೇ ಅಲ್ಲಿನ ಮಕ್ಕಳು ಅದನ್ನು ಈ ಯಂತ್ರದಲ್ಲಿ ಆಡಿದ್ದರು.

ನ್ಯಾಯದ ದೃಷ್ಟಿಯಿಂದ ನೋಡಿದರೆ ಎಲ್ಲ ಯಂತ್ರಗಳಲ್ಲಿ ನನ್ನ ಮನಸ್ಸು ಒಲಿಯುವುದು ಇದರ ಕಡೆಗೆ. ಜೀವ ಮಾರುವ ಯಂತ್ರದ ಮುಂದೆ ಹೊಸ ಹುಡುಗನ ಐದು ರೂಪಾಯಿ ಅರ್ಧ ನಿಮಿಷದಲ್ಲಿ ಕರಗುತ್ತದೆ, ಪಳಗಿದವನದು ಅರ್ಧ ಗಂಟೆ ಬಾಳುತ್ತದೆ. ಸಮಯ ಮಾರುವ ಯಂತ್ರದಲ್ಲಿ ಇಬ್ಬರಿಗೂ ಒಂದೇ ಅಳತೆ. ನಮ್ಮಲ್ಲಿ ಪ್ಲೇಸ್ಟೇಷನ್ 2 ಬಂದ ಮೇಲೆ ಗಲ್ಲಿಗಲ್ಲಿಗಳ ಗೇಮ್ ಅಂಗಡಿಗಳು ಗಂಟೆಗೆ ಇಷ್ಟು ಎಂದು ಹಣ ತೆಗೆದುಕೊಂಡದ್ದೂ ಇದೇ ಕ್ರಮದಲ್ಲಿ. ಆದರೆ ಪ್ಲೇಚಾಯ್ಸ್ ಯಂತ್ರವನ್ನು ಬಳ್ಳಾರಿಯಲ್ಲಿ ನಡೆಸುವ ಕಷ್ಟ ಸಣ್ಣದಲ್ಲ. ಇದರ ಕ್ಯಾಸೆಟ್ಟಿನಲ್ಲಿ ಆಟದ ಚಿಪ್ಪಿನ ಜೊತೆ ಸೂಚನೆಗಳ ಚಿಪ್ಪು ಮತ್ತು ಭದ್ರತಾ ಚಿಪ್ಪು ಬೇರೆ ಇರುವುದರಿಂದ ಮನೆಯ ಕ್ಯಾಸೆಟ್ ಇದಕ್ಕೆ ಹೊಂದುವುದಿಲ್ಲ. ಅಮೆರಿಕದಿಂದ ಬಂದ ಯಂತ್ರ ಅಲ್ಲಿನ 120 ವೋಲ್ಟ್ ವಿದ್ಯುತ್ತಿಗೆ ಮಾಡಿದ್ದು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಅದೇ ಕ್ಷಣಕ್ಕೆ ಸುಡುತ್ತದೆ, ಆದ್ದರಿಂದ ತಕ್ಕ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟುವಂತಿಲ್ಲ. ಅದರ ಜೊತೆಗೆ ಎರಡು ಪಿಕ್ಚರ್ ಟ್ಯೂಬುಗಳ ಆರೈಕೆ. ಮನೆಯಲ್ಲಿ ಜಾಗವೂ ತಾಳ್ಮೆಯೂ ಇರುವವರು ತರಿಸಿಕೊಳ್ಳಲಿ, ಆದರೆ ದಿನದ ದುಡಿಮೆಗೆ ಇದನ್ನು ನಂಬಿ ಕೂರಬಾರದು.

ಇದರ ಮುಂದಿನ ಪೀಳಿಗೆ 1991ರ ನಿಂಟೆಂಡೊ ಸೂಪರ್ ಸಿಸ್ಟಂ. ಸೂಪರ್ ಮಾರಿಯೋ ವರ್ಲ್ಡ್, ಎಫ್-ಝೀರೋಗಳಂಥ ಹದಿನಾರು ಬಿಟ್ಟಿನ ಆಟಗಳು, ಒಮ್ಮೆಗೆ ಮೂರೇ ಕ್ಯಾಸೆಟ್ಟಿಗೆ ಜಾಗ. ಬಿಡಿಭಾಗ ಹುಡುಕುವುದು ಪ್ಲೇಚಾಯ್ಸ್‌ಗಿಂತಲೂ ಕಷ್ಟ.

ಸೆಗಾ ಕಂಪನಿಯ ಎರಡು ಯಂತ್ರಗಳು ಅಕ್ಕಪಕ್ಕದಲ್ಲಿಟ್ಟು ನೋಡಲು ಯೋಗ್ಯವಾಗಿವೆ, ಏಕೆಂದರೆ ಒಂದೇ ಕಂಪನಿ ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟಿತು. ಮೆಗಾ-ಟೆಕ್ ಯಂತ್ರದಲ್ಲಿ ಮೆಗಾ ಡ್ರೈವ್ ಮತ್ತು ಅದಕ್ಕೂ ಹಿಂದಿನ ಮಾಸ್ಟರ್ ಸಿಸ್ಟಂ ಕನ್ಸೋಲುಗಳ ಆಟಗಳು ಎಂಟರವರೆಗೆ ಹಿಡಿಯುತ್ತವೆ. ಪ್ಲೇಚಾಯ್ಸ್‌ನಂತೆಯೇ ಸಮಯ ಮಾರುತ್ತದೆ, ಸೂಚನೆಗಳಿಗೆ ಮೇಲೊಂದು ಸಣ್ಣ ಪರದೆಯೂ ಇದೆ. ನಂತರ ಬಂದ ಮೆಗಾ-ಪ್ಲೇಯಲ್ಲಿ ನಾಲ್ಕೇ ಆಟ, ಒಂದೇ ಪರದೆ, ಮತ್ತು ಸಮಯದ ಬದಲು ಮತ್ತೆ ಹಳೆಯ ಪದ್ಧತಿ: ನಾಣ್ಯಕ್ಕೆ ಇಷ್ಟು ಜೀವ. ಅದಕ್ಕಾಗಿ ಸೋನಿಕ್‌ನಂಥ ಆಟಗಳನ್ನು ಅಂಗಡಿಗೆ ಹೊಂದುವಂತೆ ತಿದ್ದಿ ಕೊಟ್ಟರು. ಸಮಯ ಮಾರಿ ನೋಡಿದ ಕಂಪನಿಯೊಂದು ಮತ್ತೆ ಜೀವ ಮಾರಲು ಹಿಂದಿರುಗಿತು ಎಂಬುದು ಅಂಗಡಿ ಇಡುವವರು ಗಮನಿಸಬೇಕಾದ ಸಂಗತಿ. ಸಮಯದ ಲೆಕ್ಕ ಆಡುವವನಿಗೆ ನ್ಯಾಯವಾದದ್ದು ಹೌದು, ಆದರೆ ಕಥೆಯ ನಡುವೆ, ಹಂತದ ಕೊನೆಯ ವೈರಿಯ ಎದುರಿಗೆ ಪರದೆ ಕಪ್ಪಾದರೆ ಮಗುವಿಗೆ ತಾನು ಸೋತೆ ಎಂದೂ ಅನಿಸುವುದಿಲ್ಲ, ಗೆದ್ದೆ ಎಂದೂ ಅನಿಸುವುದಿಲ್ಲ. ಆ ಅಸಮಾಧಾನವನ್ನು ಅಂಗಡಿಯವನೇ ಎದುರಿಸಬೇಕಾಗುತ್ತದೆ.

ಮೂರನೆಯ ದಾರಿ ಎಸ್‌ಎನ್‌ಕೆ ಕಂಪನಿಯದು. 1990ರಲ್ಲಿ ಬಂದ ನಿಯೋ ಜಿಯೋದಲ್ಲಿ ಅಂಗಡಿಗೆ ಎಂವಿಎಸ್, ಮನೆಗೆ ಎಇಎಸ್ ಎಂದು ಎರಡು ರೂಪ; ಒಳಗಿನ ಯಂತ್ರ ಒಂದೇ, ಆಟವೂ ಒಂದೇ. 12 ಮೆಗಾಹರ್ಟ್ಸ್ ವೇಗದ 68000 ಪ್ರೊಸೆಸರ್ ಆಟವನ್ನು ನಡೆಸುತ್ತದೆ, ಝಡ್80 ಧ್ವನಿಯನ್ನು ನೋಡಿಕೊಳ್ಳುತ್ತದೆ. ಕ್ಯಾಸೆಟ್ಟಿನ ಆಕಾರವೂ ಪಿನ್ನುಗಳೂ ಬೇರೆಯಾದ್ದರಿಂದ ಅದಲುಬದಲು ಮಾಡಲಾಗದು. ಆದರೆ ಅಂಗಡಿಯಲ್ಲಿ ಅರ್ಧಕ್ಕೆ ಬಿಟ್ಟ ಆಟವನ್ನು ಮೆಮೊರಿ ಕಾರ್ಡಿನಲ್ಲಿ ಉಳಿಸಿಕೊಂಡು ಮನೆಯ ಯಂತ್ರದಲ್ಲಿ ಮುಂದುವರಿಸುವ ವ್ಯವಸ್ಥೆ ಇತ್ತು. ಅಮೆರಿಕದಲ್ಲಿ ಮನೆಯ ಯಂತ್ರದ ಗೋಲ್ಡ್ ಸಿಸ್ಟಂ 649.99 ಡಾಲರಿಗೆ ಮಾರಾಟವಾಯಿತು, ಅಂದಿನ ಸಾಮಾನ್ಯ ಕುಟುಂಬಕ್ಕೆ ಎಟುಕದ ಬೆಲೆ ಅದು. ಅಂಗಡಿಯ ಬೋರ್ಡು ಒಂದು, ಎರಡು, ನಾಲ್ಕು, ಆರು ಕ್ಯಾಸೆಟ್ಟುಗಳ ಮಾದರಿಗಳಲ್ಲಿ ಬಂದಿತು. ಇಲ್ಲಿ ಮನೆಯ ಆಟವನ್ನು ಅಂಗಡಿಗೆ ಎಳೆತಂದಿಲ್ಲ. ಅಂಗಡಿಗೆಂದೇ ಹೆಣೆದ ಆಟ ಮನೆಗೂ ಹೋಯಿತು. ಹೀಗಾಗಿ ನಾಣ್ಯಕ್ಕೂ ಆಟದ ಉದ್ದಕ್ಕೂ ಮೊದಲಿನಿಂದಲೇ ಹೊಂದಾಣಿಕೆ ಇದೆ, ಮತ್ತು ಆಟ ಎಷ್ಟು ಕಠಿಣವಾಗಿರಬೇಕು ಎಂಬುದನ್ನು ಅಂಗಡಿಯವನು ಪರದೆಯ ಮೇಲಿನ ಮೆನುವಿನಲ್ಲಿಯೇ ಇಳಿಸಬಹುದು, ಏರಿಸಬಹುದು. ನಮ್ಮ ಕಡೆಯ ವಿಡಿಯೋ ಗೇಮ್ ಅಂಗಡಿಗಳಲ್ಲಿ ನಿಂತು ಬೆಳೆದವರಿಗೆ ಮೆಟಲ್ ಸ್ಲಗ್, ಕಿಂಗ್ ಆಫ್ ಫೈಟರ್ಸ್ ಎರಡೂ ಹೊಸ ಹೆಸರಲ್ಲ. (ಹುಡುಗರೆಲ್ಲ “ಮುಸ್ತಫಾ” ಎಂದೇ ಕರೆಯುತ್ತಿದ್ದ ಆಟ ಮಾತ್ರ ಇದರಲ್ಲಿ ಸಿಗದು. ಅದು ಕ್ಯಾಪ್ಕಾಮ್ ಕಂಪನಿಯ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಬೇರೆಯೇ ಬೋರ್ಡಿನದು.)

ಎಂವಿಎಸ್‌ನ ಇನ್ನೊಂದು ಗುಣ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದು ಜಪಾನಿನ ತಯಾರಕರು ಎಂಬತ್ತರ ದಶಕದ ನಡುವಿನಲ್ಲಿ ಒಪ್ಪಿಕೊಂಡ ಜಮ್ಮಾ ಎಂಬ 56 ಪಿನ್ನಿನ ಜೋಡಣೆಯನ್ನು ಬಳಸುತ್ತದೆ. ಚಿತ್ರ, ಧ್ವನಿ, ಬಟನ್, ನಾಣ್ಯದ ಸ್ವಿಚ್, ವಿದ್ಯುತ್ತು ಎಲ್ಲವೂ ಒಂದೇ ಕನೆಕ್ಟರಿನಲ್ಲಿ ಹೋಗುತ್ತವೆ. ಬೋರ್ಡಿಗೆ ಬೇಕಾಗುವುದು 5 ಮತ್ತು 12 ವೋಲ್ಟ್. ಅದನ್ನು ನಮ್ಮ 230 ವೋಲ್ಟಿನಿಂದ ಕೊಡುವ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಸುಲಭವಾಗಿ ಸಿಗುತ್ತದೆ, ಸುಟ್ಟರೆ ಬದಲಿಸುವುದು ಹತ್ತು ನಿಮಿಷದ ಕೆಲಸ. ಅಂದರೆ ಪರದೇಶದ ದೊಡ್ಡ ಪೆಟ್ಟಿಗೆಯನ್ನು ಹಡಗಿನಲ್ಲಿ ತರಿಸುವ ಅಗತ್ಯವೇ ಇಲ್ಲ. ಬೋರ್ಡು ಮತ್ತು ಕ್ಯಾಸೆಟ್ಟುಗಳನ್ನು ಮಾತ್ರ ತರಿಸಿಕೊಂಡು ಪೆಟ್ಟಿಗೆಯನ್ನು ಊರಿನ ಬಡಗಿಯಿಂದಲೇ ಮಾಡಿಸಬಹುದು.

ಊರಲ್ಲೇ ಮಾಡಿಸುವ ಮಾತು ಬಂದ ಮೇಲೆ ಇನ್ನೂ ಒಂದು ದಾರಿಯನ್ನು ನೋಡಬೇಕು: ನಿಜವಾದ ಮನೆಯ ಕನ್ಸೋಲನ್ನೇ ಪೆಟ್ಟಿಗೆಯೊಳಗೆ ಕೂರಿಸಿ, ಅದರ ಕಂಟ್ರೋಲರಿನ ತಂತಿಗಳನ್ನು ಜಾಯ್‌ಸ್ಟಿಕ್ಕು ಬಟನ್ನುಗಳಿಗೆ ಬೆಸೆಯುವುದು. ಪ್ಲೇಚಾಯ್ಸ್ ಮಾಡುವ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಇದು ಮಾಡುತ್ತದೆ. ನಾಣ್ಯಕ್ಕೆ ಸಮಯ ಕೊಡುವ ಟೈಮರ್ ಬೋರ್ಡುಗಳು ಪ್ರತ್ಯೇಕವಾಗಿ ದೊರೆಯುತ್ತವೆ. ಸಮಯ ಮುಗಿದಾಗ ಕನ್ಸೋಲಿನ ವಿದ್ಯುತ್ತನ್ನು ಕಡಿಯುವಂತೆ ಅದನ್ನು ಜೋಡಿಸಬಾರದು, ಪರದೆಯ ಚಿತ್ರವನ್ನು ಮಾತ್ರ ಕಡಿಯಬೇಕು, ಆಗ ಇನ್ನೊಂದು ನಾಣ್ಯ ಹಾಕಿದವನ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಈ ದಾರಿ ಹಿಡಿದವರು ಚಿತ್ರದ ಪದ್ಧತಿಯನ್ನು ಮೊದಲೇ ನೋಡಿಕೊಳ್ಳಬೇಕು. ಜಪಾನ್ ಮತ್ತು ಅಮೆರಿಕದ ಕನ್ಸೋಲುಗಳು ಸೆಕೆಂಡಿಗೆ 60 ಸಲ ಚಿತ್ರ ಬರೆಯುವ ಎನ್‌ಟಿಎಸ್‌ಸಿಯವು, ನಮ್ಮ ಹಳೆಯ ಟಿವಿಗಳು 50ರ ಪಾಲ್ ಪದ್ಧತಿಯವು. ಪಾಲ್ ಒಂದೇ ತಿಳಿದ ಟಿವಿಯಲ್ಲಿ ಆ ಕನ್ಸೋಲುಗಳ ಚಿತ್ರ ಬಣ್ಣವೇ ಬಾರದೆ ಕಪ್ಪುಬಿಳುಪಾಗಿ ಕಾಣುತ್ತದೆ. ಯುರೋಪಿನ ಪಾಲ್ ಕನ್ಸೋಲ್ ತಂದರೆ ಬಣ್ಣ ಬರುತ್ತದೆ, ಆದರೆ ವೇಗ ಹೊಂದಿಸದ ಆಟಗಳು ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡುತ್ತವೆ, ಸಂಗೀತವೂ ಅಷ್ಟೇ ಎಳೆಯುತ್ತದೆ. ಕಿವಿ ಸೂಕ್ಷ್ಮವಿರುವವರು ಒಂದು ನಿಮಿಷದಲ್ಲಿ ಗುರುತಿಸುತ್ತಾರೆ.

ರಾಸ್ಪ್‌ಬೆರಿ ಪೈನಂಥ ಚಿಕ್ಕ ಕಂಪ್ಯೂಟರಿನಲ್ಲಿ ಹಳೆಯ ಯಂತ್ರಗಳಂತೆ ನಡೆದುಕೊಳ್ಳುವ ಅನುಕರಣೆಯ ತಂತ್ರಾಂಶ ಹಾಕಿ ಸಾವಿರಾರು ಆಟ ತುಂಬಿಸಿ ಕೊಡುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಖರ್ಚು ಕಡಿಮೆ, ಜಾಗ ಕಡಿಮೆ, ಮನೆಯ ಮಟ್ಟಿಗೆ ಬಹಳ ಚೆನ್ನಾಗಿಯೇ ನಡೆಯುತ್ತದೆ. ಮಿಸ್ಟರ್ ಎಂಬ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಮರುಜೋಡಿಸಬಲ್ಲ ಚಿಪ್ಪು) ವ್ಯವಸ್ಥೆ ಇನ್ನೂ ಮೇಲ್ಮಟ್ಟದ್ದು. ಡಿಇ10-ನ್ಯಾನೊ ಬೋರ್ಡಿನ ಮೇಲೆ ಹಳೆಯ ಯಂತ್ರಭಾಗಗಳ ನಡವಳಿಕೆಯನ್ನು ಸರ್ಕ್ಯೂಟಿನ ಮಟ್ಟದಲ್ಲಿಯೇ ಮರುಕಟ್ಟುವುದರಿಂದ ಬಟನ್ ಒತ್ತಿದ್ದಕ್ಕೂ ಪರದೆಯ ಮೇಲೆ ಪಾತ್ರ ಜಿಗಿದದ್ದಕ್ಕೂ ನಡುವಿನ ತಡ ಬಹಳ ಕಡಿಮೆ. ಆದರೆ ಸಾವಿರ ಆಟಗಳನ್ನು ತುಂಬಿ ಕೊಟ್ಟ ಪೆಟ್ಟಿಗೆಯಲ್ಲಿ ಆ ಆಟಗಳು ಬಹುತೇಕ ಅನುಮತಿಯಿಲ್ಲದ ನಕಲುಗಳೇ ಆಗಿರುತ್ತವೆ. ಅಂಥದ್ದನ್ನು ಅಂಗಡಿಯಲ್ಲಿಟ್ಟು ಹಣ ಗಳಿಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಎದುರು ನಿಲ್ಲುವುದಿಲ್ಲ. ಮನೆಬಳಕೆಗೆಂದು ಕೊಂಡ ಕ್ಯಾಸೆಟ್ಟಿಗೂ ನಾಣ್ಯದ ವ್ಯಾಪಾರದ ಅನುಮತಿ ತಾನಾಗಿ ಬರುವುದಿಲ್ಲ, ಆದ್ದರಿಂದ ಕನ್ಸೋಲನ್ನು ಪೆಟ್ಟಿಗೆಯಲ್ಲಿ ಕೂರಿಸುವ ದಾರಿಯನ್ನು ನಾನು ಸೂಚಿಸುವುದು ಮನೆಗೆ ಮಾತ್ರ. ನಾಣ್ಯಕ್ಕೆಂದೇ ಮಾರಿದ ಪ್ಲೇಚಾಯ್ಸ್, ಮೆಗಾ-ಟೆಕ್, ಎಂವಿಎಸ್ ಕ್ಯಾಸೆಟ್ಟುಗಳ ಮೂಲ ಪ್ರತಿಗಳಿಗೆ ಈ ತೊಂದರೆ ಅಂಟಿಕೊಂಡಿಲ್ಲ. ಇನ್ನೊಬ್ಬರ ದುಡಿಮೆಯಿಂದ ನಾವು ದುಡಿಯುವಾಗ ಇಷ್ಟು ಎಚ್ಚರವಾದರೂ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಪರದೆಯ ವಿಷಯ. ಈ ಎಲ್ಲ ಹಳೆಯ ಯಂತ್ರಗಳ ಚಿತ್ರ ಸುಮಾರು 240 ಸಾಲುಗಳದ್ದು, ಪಿಕ್ಚರ್ ಟ್ಯೂಬಿಗೆಂದೇ ಬರೆದದ್ದು. ಈಗಿನ ಎಲ್‌ಸಿಡಿ ಟಿವಿಗಳಲ್ಲಿ ಹಲವು ಇದನ್ನು ಸಾಲು ಬಿಟ್ಟು ಸಾಲು ಎರಡು ಸರದಿಯಲ್ಲಿ ಬರೆಯುವ (ಇಂಟರ್ಲೇಸ್) ಚಿತ್ರವೆಂದು ತಪ್ಪಾಗಿ ತಿಳಿದು ಸಂಸ್ಕರಿಸಲು ಹೊರಡುತ್ತವೆ. ಅದರಿಂದ ಅಂಚುಗಳು ಕಲೆಸಿಕೊಳ್ಳುತ್ತವೆ, ತಡವೂ ಆಗುತ್ತದೆ. ಬೆಳಕಿನ ಪಿಸ್ತೂಲಂತೂ ಎಲ್‌ಸಿಡಿಯ ಮೇಲೆ ಕೆಲಸವನ್ನೇ ಮಾಡುವುದಿಲ್ಲ, ಏಕೆಂದರೆ ಅದು ಟ್ಯೂಬಿನ ಬೆಳಕು ಮೂಡುವ ಕ್ಷಣವನ್ನೇ ನಂಬಿಕೊಂಡಿದೆ. ಹಾಗಾದರೆ ಟ್ಯೂಬೇ ಸರಿಯೇ? ಟ್ಯೂಬಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಎಲ್‌ಒಟಿ ಟ್ರಾನ್ಸ್‌ಫಾರ್ಮರ್ ಬದಲಿಸಬಲ್ಲ, ಟ್ಯೂಬಿನ ಬಣ್ಣ ಹೊಂದಿಸಬಲ್ಲ ಹಳೆಯ ಕಾಲದ ಟಿವಿ ಮೆಕ್ಯಾನಿಕ್ ನಿಮಗೆ ಕರೆದರೆ ಬರುವಷ್ಟು ಹತ್ತಿರದಲ್ಲಿದ್ದರೆ ಸರಿ. ಕೌಲ್ ಬಜಾರಿನ ಕಡೆ ನಾನು ನೆಚ್ಚಿಕೊಂಡಿದ್ದ ಮೆಕ್ಯಾನಿಕ್ಕರೊಬ್ಬರು ಈಗ ಮೊಬೈಲ್ ಮಾತ್ರ ರಿಪೇರಿ ಮಾಡುತ್ತಾರೆ. ಬಣ್ಣದ ಟ್ಯೂಬಿನ ಆನೋಡಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಉಳಿದಿರಬಹುದು. ಅರಿಯದವರು ಹಿಂಬದಿಯ ಬಾಗಿಲು ತೆರೆದು ಕೈ ಹಾಕಲೇಕೂಡದು. ಮೆಕ್ಯಾನಿಕ್ ಸಿಗದಿದ್ದರೆ 240 ಸಾಲುಗಳನ್ನು ಸರಿಯಾಗಿ ಗುರುತಿಸುವ ಪರಿವರ್ತಕವನ್ನು ನಡುವೆ ಇಟ್ಟು ಎಲ್‌ಸಿಡಿಯನ್ನೇ ಬಳಸಿ, ಪಿಸ್ತೂಲಿನ ಆಸೆ ಬಿಡುವುದು ವಿವೇಕ.

ನಮ್ಮ ಬಿಸಿಲು ಮತ್ತು ಧೂಳನ್ನು ಯಾವ ತಯಾರಕನೂ ಎಣಿಸಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವಾಗ ಮುಚ್ಚಿದ ಪೆಟ್ಟಿಗೆಯೊಳಗಿನ ಶಾಖ ಇನ್ನೂ ಮೇಲಿರುತ್ತದೆ, ಮತ್ತು ವಿದ್ಯುತ್ ಬೋರ್ಡಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಆಯುಷ್ಯ ಸುಮಾರು ಹತ್ತು ಡಿಗ್ರಿ ಏರಿದಂತೆಲ್ಲ ಅರ್ಧಕ್ಕೆ ಇಳಿಯುತ್ತದೆ. ಕೆಳಗಿನಿಂದ ಗಾಳಿ ಒಳಬರುವ, ಮೇಲಿನಿಂದ ಫ್ಯಾನು ಹೊರತಳ್ಳುವ ದಾರಿ ಬೇಕು. ಒಳಬರುವ ಕಿಂಡಿಗೆ ತೊಳೆಯಲು ಬರುವ ಜಾಲರಿ ಬೇಕು. ಸಂಡೂರು, ಹೊಸಪೇಟೆ ಕಡೆಯ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿ ಅಂಗಡಿ ಇದ್ದರೆ ಆ ಕೆಂಪು ಧೂಳು ಕ್ಯಾಸೆಟ್ಟಿನ ಕನೆಕ್ಟರಿನಲ್ಲಿ, ಬಟನ್ನಿನ ಮೈಕ್ರೋಸ್ವಿಚ್ಚಿನಲ್ಲಿ ಸೇರಿಕೊಳ್ಳುತ್ತದೆ. ಕ್ಯಾಸೆಟ್ಟನ್ನು ಬಾಯಿಂದ ಊದುವ ನಮ್ಮ ಬಾಲ್ಯದ ಅಭ್ಯಾಸ ಉಗುಳಿನ ತೇವದಿಂದ ಪಿನ್ನುಗಳಿಗೆ ಕಿಲುಬು ಹಿಡಿಸುತ್ತದೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸುವುದು ಸರಿಯಾದ ಕ್ರಮ. ಪೆಟ್ಟಿಗೆಗೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗವೆಂದು ಬಡಗಿ ಹೇಳಬಹುದು, ಆದರೆ ಬೇಕರಿಯ ನೆಲ ದಿನಕ್ಕೆರಡು ಸಲ ಒರೆಸುವ ಜಾಗ, ನೀರು ತಾಗಿದ ಎಂಡಿಎಫ್ ಉಬ್ಬುತ್ತದೆ. 18 ಮಿಲಿಮೀಟರಿನ ಒಳ್ಳೆಯ ಪ್ಲೈವುಡ್ ಹಾಕಿಸಿ, ಕೆಳಗೆ ರಬ್ಬರಿನ ಕಾಲು ಕೊಡಿಸಿ. ವೋಲ್ಟೇಜ್ ಏರಿಳಿಯುವ ಜಾಗವಾದರೆ ಸ್ಟೆಬಿಲೈಜರ್ ಇಲ್ಲದೆ ಯಾವ ಯಂತ್ರವನ್ನೂ ಹಚ್ಚಬೇಡಿ, ಮತ್ತು ಲೋಹದ ಭಾಗಗಳಿಗೆ ಅರ್ಥಿಂಗ್ ಕಡ್ಡಾಯ. ಆಡುವವರು ಮಕ್ಕಳು, ಬೆವರಿದ ಕೈಯವರು.

ನನ್ನ ಅಳಿಯನಿಗೆ ನಾನು ಕೊನೆಗೆ ಹೇಳಿದ್ದು ಎರಡು ಕ್ಯಾಸೆಟ್ಟಿನ ಎಂವಿಎಸ್ ಬೋರ್ಡು. ಮಾರಿಯೋ ಅದರಲ್ಲಿಲ್ಲ, ಕಾಂಟ್ರಾ ಇಲ್ಲ, ಸಮಯದ ನ್ಯಾಯವೂ ಇಲ್ಲ. ಅವನಿಗೆ ಬೇಸರವಾದದ್ದು ಮುಖದಲ್ಲೇ ಕಂಡಿತು. ಆದರೂ ನಾಣ್ಯದ ವ್ಯಾಪಾರಕ್ಕೆ ಶುದ್ಧವಾದ ಕ್ಯಾಸೆಟ್ಟು, ಇಲ್ಲಿನ ವಿದ್ಯುತ್ತಿಗೆ ಹೊಂದುವ ಎಸ್‌ಎಂಪಿಎಸ್, ಇಲ್ಲಿನ ಬಡಗಿ ಮಾಡಬಲ್ಲ ಪೆಟ್ಟಿಗೆ, ಈ ಮೂರೂ ಒಟ್ಟಿಗೆ ಸಿಗುವುದು ಅದರಲ್ಲಿ ಮಾತ್ರ. ಸಣ್ಣ ಮಕ್ಕಳ ಹಣ ಬೇಗ ಕರಗದಂತೆ ಕಠಿಣತೆಯನ್ನು ಕೆಳಗಿನ ಮಟ್ಟಕ್ಕೆ ಇಳಿಸಿಡಲು ಹೇಳಿದೆ. ಮಾರಿಯೋ ಆಡುವ ಆಸೆಗೆ ಮನೆಯಲ್ಲಿ ಕನ್ಸೋಲಿನ ಪೆಟ್ಟಿಗೆಯೊಂದನ್ನು ಬೇರೆಯಾಗಿಯೇ ಕಟ್ಟಿಕೊಳ್ಳೋಣ ಎಂದಿದ್ದೇನೆ, ಅದಕ್ಕೆ ನಾಣ್ಯದ ಬಾಯಿ ಬೇಡ.

ಎಂವಿಎಸ್ ಬೋರ್ಡು ಕೊಳ್ಳುವವರು ಹಣ ಕೊಡುವ ಮುಂಚೆ ಅದರ ಬ್ಯಾಟರಿಯ ಸುತ್ತಲಿನ ಜಾಗದ ಫೋಟೋ ತರಿಸಿಕೊಳ್ಳಬೇಕು. ಬಹುತೇಕ ಬೋರ್ಡುಗಳ ಮೇಲೆ ಲೆಕ್ಕಪತ್ರದ ನೆನಪಿಗೆಂದು ಬೆಸೆದ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ವರ್ಷಗಳು ಕಳೆದಂತೆ ಸೋರಿ, ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಅಥವಾ ನೀಲಿ ಬಣ್ಣದ ಪುಡಿ ಕಂಡರೆ ಆ ಬೋರ್ಡು ಬೇಡ. ಚೆನ್ನಾಗಿರುವುದು ಸಿಕ್ಕರೆ ಬಂದ ದಿನವೇ ಹಳೆಯ ಬ್ಯಾಟರಿಯನ್ನು ಬಿಚ್ಚಿಸಿಬಿಡಿ; ಅದಿಲ್ಲದೆಯೂ ಆಟ ನಡೆಯುತ್ತದೆ, ಆದರೆ ಹೆಚ್ಚಿನ ಅಂಕಗಳ ಪಟ್ಟಿ, ಲೆಕ್ಕಪತ್ರ ಮತ್ತು ಮೆನುವಿನಲ್ಲಿ ಹೊಂದಿಸಿಟ್ಟ ಕಠಿಣತೆ ಸ್ವಿಚ್ ಆರಿಸಿದ ಮೇಲೆ ಉಳಿಯುವುದಿಲ್ಲ. ಆ ಜಾಗದಲ್ಲಿ ಲಿಥಿಯಂ ಬಟನ್ ಸೆಲ್ ಹಾಕಿಸುವುದಾದರೆ ಚಾರ್ಜ್ ಮಾಡುವ ಸರ್ಕ್ಯೂಟನ್ನು ಮೊದಲು ಕಡಿಸಬೇಕು, ಏಕೆಂದರೆ ಚಾರ್ಜ್ ಮಾಡಬಾರದ ಸೆಲ್ಲಿಗೆ ವಿದ್ಯುತ್ ಹರಿದರೆ ಅದು ಒಡೆಯಬಹುದು.